ದಳ್ಳಾಳಿ ಇಲ್ಲದ ಆಪ್‌ಗೂ ಊರಿಗೊಬ್ಬ ದಳ್ಳಾಳಿ

ಪಾಂಡವಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಇದೆ. ಪುಟಕ್ಕೊಂದು ಹೆಸರು, ಹೆಸರಿನ ಕೆಳಗೆ ಹನ್ನೆರಡು ಇಂಗ್ಲಿಷ್ ಪದ. ಸ್ಕ್ರೀನ್‌ಗಾರ್ಡ್ ಹಾಕಿಸಲು ಹೋದಾಗ ನನ್ನ ಕಣ್ಣಿಗೆ ಬಿತ್ತು. ಇದೇನಪ್ಪ ಎಂದರೆ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ: “ಕ್ರಿಪ್ಟೋ ವಾಲೆಟ್‌ದು ಕಣಣ್ಣ. ಅವ್ರಿಗೆ ಇಂಗ್ಲಿಷ್ ಬರಕಿಲ್ಲ, ಕಳ್ಕತಾರೆ. ಅದ್ಕೇ ನಾನೇ ಬರ್ದು ಮಡಿಕ್ಕಂಡಿವ್ನಿ.”

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆ ಹನ್ನೆರಡು ಪದಗಳೇ ವಾಲೆಟ್ಟಿನ ಬೀಗದ ಕೈ. ಅವು ಯಾರ ಬಳಿ ಇವೆಯೋ ಹಣ ಅವರ ಕೈಯಲ್ಲಿ. ಪಾಸ್‌ಬುಕ್ ಬೇಡ, ಆಧಾರ್ ಬೇಡ, ಹೆಬ್ಬೆಟ್ಟೂ ಬೇಡ. ಆ ಹುಡುಗ ಕಳ್ಳನಲ್ಲ ಎಂದೇ ನಂಬಿದ್ದೇನೆ. ಆದರೆ ಅವನ ಅಂಗಡಿಗೆ ಒಂದು ರಾತ್ರಿ ಕಳ್ಳ ನುಗ್ಗಿದರೆ?

ಇವರೆಲ್ಲ ಈ ಕಡೆ ವಾಲಿದ್ದಕ್ಕೆ ಕಾರಣವೂ ಇದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು, ಗ್ರಾಹಕರು ಹಣ ತೆಗೆಯುವುದು ನಿಂತೇಹೋಯಿತು. ನಮ್ಮ ರಾಜ್ಯದಲ್ಲೂ ಬಿಟ್‌ಕಾಯಿನ್ ಹಗರಣದ ತನಿಖೆಗೆ 2023ರಲ್ಲಿ ಎಸ್‌ಐಟಿ ರಚನೆಯಾಗಿತ್ತು. ಅಲ್ಲಿಂದ ರೀಲ್ಸ್‌ಗಳಲ್ಲಿ ಹೊಸ ಮಂತ್ರ ಶುರು: ಕಂಪನಿಯನ್ನು ನಂಬಬೇಡಿ, ವಿಕೇಂದ್ರೀಕೃತ ಎಕ್ಸ್‌ಚೇಂಜ್ ಬಳಸಿ, ಅಂದರೆ ‘ಡೆಕ್ಸ್’. ನಡುವೆ ಬ್ಯಾಂಕಿಲ್ಲ, ದಳ್ಳಾಳಿಯಿಲ್ಲ. ಮಂಡಿಯ ಕಮಿಷನ್ ಕೊಟ್ಟು ಕೊಟ್ಟು ಸಾಕಾದ ಮಂಡ್ಯದ ರೈತನ ಮಗನಿಗೆ ‘ದಳ್ಳಾಳಿಯಿಲ್ಲ’ ಎನ್ನುವುದಕ್ಕಿಂತ ಸಿಹಿ ಮಾತು ಇನ್ನೊಂದಿದೆಯೇ? ಇದರ ಬಗ್ಗೆ ‘ಹಳ್ಳಿ ಹೈದರ ಡಿಜಿಟಲ್ ಕ್ರಾಂತಿ’ ಅಂತ ಒಂದು ಸ್ಟೋರಿ ಮಾಡಿಕೊಡಿ ಎಂದು ನನ್ನನ್ನೂ ಕೇಳಿದ್ದರು. ಸುದ್ದಿಗಿಷ್ಟು ಅಂತ ಎಣಿಸಿ ಕೊಡುವ ಕೆಲಸದಲ್ಲಿರುವವನಿಗೆ ಬೇಡ ಎನ್ನುವುದು ಸುಲಭವಲ್ಲ. ಬರೆಯುವ ಮೊದಲು ಒಮ್ಮೆ ಬಳಸಿ ನೋಡೋಣ ಎಂದುಕೊಂಡೆ.

ನಾಗಮಂಗಲದ ಹತ್ತಿರ ನಮ್ಮ ಮಾವನ ಮನೆ ಜಗುಲಿಯಲ್ಲಿ ಕೂತು ಎರಡು ಸಾವಿರ ರೂಪಾಯಿಯಷ್ಟು ಡಾಲರ್ ನಾಣ್ಯವನ್ನು ಇನ್ನೊಂದಕ್ಕೆ ಬದಲಿಸಲು ಹೊರಟೆ. ಮೊದಲ ತಡೆ: ಫೀ ಕಟ್ಟಲು ಈಥರ್ ಬೇಕು, ನನ್ನ ಬಳಿ ಡಾಲರ್ ನಾಣ್ಯ ಮಾತ್ರ ಇತ್ತು. ಬಸ್ ಟಿಕೆಟ್‌ಗೆ ರೂಪಾಯಿ ನಡೆಯಲ್ಲ, ಮೊದಲು ಬೇರೆ ಕಡೆ ಹೋಗಿ ಕೂಪನ್ ಕೊಂಡು ಬಾ ಎಂದ ಹಾಗೆ. ಅದನ್ನೂ ಕೊಂಡೆ. ಆಮೇಲೆ ‘ಅನುಮತಿ’ ಕೊಡಲು ಒಂದು ಫೀ, ಬದಲಾಯಿಸಲು ಇನ್ನೊಂದು. ಎರಡೂ ಸೇರಿದರೆ ನನ್ನ ಹಣದ ಮೂರನೇ ಒಂದು ಭಾಗದ ಹತ್ತಿರ. ಈಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್ ಎನ್ನುತ್ತಾರೆ, ಆದರೆ ಕಡಿಮೆ ಫೀ ಕೊಟ್ಟವನ ಸರದಿ ಯಾವಾಗಲೋ. ಸಿಗ್ನಲ್ ಬೇರೆ ಬಂದು ಹೋಗುತ್ತಿತ್ತು. ಅಷ್ಟರಲ್ಲಿ ಬೆಲೆ ಸರಿದು ವ್ಯವಹಾರ ವಿಫಲವಾಯಿತು. ವಿಫಲವಾದರೂ ಫೀ ಹೋಯಿತು! ಇದು ದೋಷವಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ.

ಇನ್ನೊಂದು ವಿಷಯ ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ನಾವು ಕೊಟ್ಟ ಆರ್ಡರ್ ಬ್ಲಾಕ್‌ಗೆ ಸೇರುವ ಮುನ್ನವೇ ಎಲ್ಲರಿಗೂ ಕಾಣುವಂತಿರಬಹುದು. ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲದ ಹರಾಜು ನೆನೆಸಿಕೊಳ್ಳಿ. ನೀವು ಕೂಗಿದ ಬೆಲೆ ಬರೆದುಕೊಳ್ಳುವ ಮೊದಲೇ ಪಕ್ಕದವನು ಕೇಳಿಸಿಕೊಂಡು, ಅದೇ ಬೆಲ್ಲವನ್ನು ತಾನು ಕೊಂಡು, ಒಂದಿಷ್ಟು ಏರಿಸಿ ನಿಮಗೇ ಮಾರುತ್ತಾನೆ. ಇಲ್ಲಿ ಆ ಪಕ್ಕದವನು ಮನುಷ್ಯನಲ್ಲ, ಬಾಟ್. ಇವನು ದಳ್ಳಾಳಿಯಲ್ಲದೆ ಮತ್ತೇನು?

ಈಗ ಫೀ ಪೈಸೆಗಳಲ್ಲಿರುವ ಹೊಸ ನೆಟ್‌ವರ್ಕ್‌ಗಳು ಬಂದಿವೆಯಲ್ಲ ಎಂದು ಸಾಫ್ಟ್‌ವೇರ್ ಗೆಳೆಯರು ವಾದಿಸುತ್ತಾರೆ. ಬಂದಿವೆ, ನಿಜ. ಆದರೆ ಯಾವ ನೆಟ್‌ವರ್ಕ್ ಎಂದು ಆರಿಸಬೇಕಾದವರು ನಾವೇ. ಕೆ.ಆರ್.ಪೇಟೆಯ ಶಿಕ್ಷಕರೊಬ್ಬರು ತಪ್ಪು ನೆಟ್‌ವರ್ಕ್‌ನಲ್ಲಿ ಕಳಿಸಿ ಕೂತಿದ್ದಾರೆ. “ಯಾರ ಮೇಲೆ ಅಂತ ಕಂಪ್ಲೇಂಟ್ ಬರೀಲಿ ಸಾ?” ಎಂದು ನನ್ನನ್ನೇ ಕೇಳಿದರು. ಸೈಬರ್ ವಂಚನೆಯಾದರೆ 1930ಕ್ಕೆ ಕರೆ ಮಾಡಿ ಬ್ಯಾಂಕಿನಲ್ಲಿ ಹಣ ತಡೆಹಿಡಿಸಬಹುದು. ಇಲ್ಲಿ ತಡೆಹಿಡಿಯಲು ಬ್ಯಾಂಕೇ ಇಲ್ಲ.

ಭಾಷೆಯ ಮಾತಿಗೆ ಬರೋಣ. ಆ ಹನ್ನೆರಡು ಪದಗಳನ್ನು ಆರಿಸುವುದು 2048 ಪದಗಳ ಒಂದು ಪಟ್ಟಿಯಿಂದ. 2013ರ ಆ ಮಾನದಂಡದಲ್ಲಿ ಜಪಾನಿ, ಕೊರಿಯನ್, ಇಟಾಲಿಯನ್ ಪಟ್ಟಿಗಳಿವೆ. ಒಂದು ಕೋಟಿಯಷ್ಟು ಜನ ಆಡುವ ಝೆಕ್ ಭಾಷೆಗೂ ಇದೆ. 2011ರ ಜನಗಣತಿಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮಾತೃಭಾಷೆ ಎಂದು ಬರೆಸಿದ ಕನ್ನಡಕ್ಕಿಲ್ಲ, ಹಿಂದಿಗೂ ಇಲ್ಲ. ಪಾಂಡವಪುರದ ನೋಟ್‌ಬುಕ್ ಹುಟ್ಟಿದ್ದು ಇಲ್ಲಿಂದಲೇ. ತನ್ನ ಬೀಗದ ಕೈಯನ್ನು ತಾನೇ ಓದಲಾರದವನಿಗೆ ‘ನಿನ್ನ ಹಣಕ್ಕೆ ನೀನೇ ಬ್ಯಾಂಕ್’ ಎನ್ನುವುದು ಸ್ವಾತಂತ್ರ್ಯವಲ್ಲ, ಕೈತೊಳೆದುಕೊಳ್ಳುವ ಉಪಾಯ.

ತೆರಿಗೆಯನ್ನೂ ಯಾರೂ ಹೇಳುವುದಿಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30, ಅದೇ ಜುಲೈನಿಂದ ಶೇ 1 ಟಿಡಿಎಸ್. ಎಕ್ಸ್‌ಚೇಂಜ್ ಕಂಪನಿಯಿದ್ದರೆ ಅದೇ ಹಿಡಿದುಕೊಳ್ಳುತ್ತದೆ. ನಡುವೆ ಯಾರೂ ಇಲ್ಲದಿದ್ದರೆ, ಮಿತಿ ದಾಟಿದಾಗ ಕೊಂಡವನೇ ಹಿಡಿದು ಕಟ್ಟಬೇಕು. ಎದುರಿಗೆ ಯಾರಿದ್ದಾರೆಂದೇ ಕಾಣದ ಕಡೆ ಯಾರ ಪ್ಯಾನ್ ನಂಬರ್ ಕೇಳುವುದು?

ಶ್ರೀರಂಗಪಟ್ಟಣದ ಸಂಗಮದ ಬಳಿ ಚುರುಮುರಿ ಮಾರುವ ಅಜ್ಜಿಯ ಬಂಡಿಯಲ್ಲಿ ಯುಪಿಐ ಸ್ಪೀಕರ್ ಇದೆ. ದುಡ್ಡು ಬಂತೆಂದು ಕನ್ನಡದಲ್ಲಿ ಕೂಗುತ್ತದೆ, ಅಜ್ಜಿ ಪೊಟ್ಟಣ ಕಟ್ಟುತ್ತಾರೆ. ಯುಪಿಐ ಕೇಂದ್ರೀಕೃತ, ಸರ್ಕಾರಕ್ಕೆ ಎಲ್ಲ ಕಾಣುತ್ತದೆ ಎಂಬ ತಕರಾರು ನನಗೂ ಇದೆ. ಆದರೆ ಅದನ್ನು ಮಾಡಿದವರಿಗೆ ಅಜ್ಜಿಯಂಥವರೂ ಬಳಸುತ್ತಾರೆಂಬ ಅಂದಾಜಾದರೂ ಇತ್ತು. ಡೆಕ್ಸ್ ಮಾಡಿದವರಿಗಿಲ್ಲ. ಇರಲಿ, ಅವರು ತಮ್ಮಂಥವರಿಗೆ ಮಾಡಿಕೊಂಡರು. ಅದನ್ನು ಕಮಿಷನ್ ಆಸೆಗೆ ನಮ್ಮ ತಾಲ್ಲೂಕುಗಳಿಗೆ ಹೊತ್ತು ತಂದವರ ಮೇಲೆ ನನ್ನ ಸಿಟ್ಟು.

ಆ ಸ್ಟೋರಿ ನಾನು ಬರೆಯಲಿಲ್ಲ. ನಿಮ್ಮ ಹನ್ನೆರಡು ಪದಗಳು ಬೇರೆಯವರ ನೋಟ್‌ಬುಕ್‌ನಲ್ಲಿದ್ದರೆ ಪುಟ ಹರಿದು ತಂದರೆ ಸಾಲದು, ಫೋನಿನಲ್ಲಿ ಫೋಟೋ ಇರಬಹುದು. ಪಿನ್ ಬದಲಿಸಿದ ಹಾಗೆ ಆ ಪದಗಳನ್ನು ಬದಲಿಸಲೂ ಆಗುವುದಿಲ್ಲ. ಹೊಸ ವಾಲೆಟ್ ಮಾಡಿ, ಪದಗಳನ್ನು ನಿಮ್ಮ ಕೈಯಲ್ಲೇ ಬರೆದುಕೊಂಡು, ಇರುವ ಹಣವನ್ನು ಅಲ್ಲಿಗೆ ಸಾಗಿಸಬೇಕು. ಅದಕ್ಕೂ ಫೀ ಇದೆ.