ಜವಾರಿ ಕೋಳಿಗೂ ಲಸಿಕೆಯ ದಿನ ಬೇಕು

ಹಿತ್ತಲಿನ ಜವಾರಿ ಕೋಳಿ ರೆಕ್ಕೆ ಇಳಿಬಿಟ್ಟು, ಕತ್ತು ಚಾಚಿ, ಬಾಯಿ ತೆರೆದು ಗೊರಗುಟ್ಟತೊಡಗಿದರೆ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು. ಮನೆಮಂದಿಗೆ ತಂದು ಉಳಿದಿದ್ದ ಗುಳಿಗೆಯನ್ನು ಅರೆದು ಅದರ ಬಾಯಿಗೆ ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸಾಯುವ ಮೊದಲೇ ಕೊಯ್ಯುತ್ತಾರೆ, ಇಲ್ಲವೆ ಸಂತೆಗೆ ಒಯ್ದು ಬಂದಷ್ಟಕ್ಕೆ ಮಾರುತ್ತಾರೆ. ಎಮ್ಮೆ ಮೇವು ಬಿಟ್ಟರೆ ಅಂದೇ ದನದ ದವಾಖಾನೆಗೆ ಫೋನ್ ಹೋಗುತ್ತದೆ. ಕೋಳಿಯ ವಿಷಯಕ್ಕೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಮ್ಮುವ ಕೋಳಿಗೆ ಆರೈಕೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೊಂದೇ ಮನೆಯ ಗೂಡಿನಲ್ಲಿ, ರೋಗ ಬಂದ ಮೇಲೆ ಮಾಡುವ ಆರೈಕೆಗೆ ಒಂದು ಮಿತಿಯಿದೆ. ಬನಶಂಕರಿ ಜಾತ್ರೆ ನಡೆಯುವ ಚೊಳಚಗುಡ್ಡದಂಥ ಊರಿನಲ್ಲಿ ಕೋಳಿ ಉಳಿಯಬೇಕಾದರೆ ಇಡೀ ಓಣಿಯ ಕೋಳಿಗಳಿಗೆ ಒಂದೇ ದಿನ ಲಸಿಕೆ ಬೀಳಬೇಕು, ಆ ದಿನವನ್ನು ಪಶುಪಾಲನಾ ಇಲಾಖೆಯೇ ಗೊತ್ತುಮಾಡಬೇಕು ಎಂಬುದು ನನ್ನ ವಾದ.

ಮೊದಲು ಆರೈಕೆಯ ಮಾತು, ಏಕೆಂದರೆ ಅಕ್ಕರೆಯಿಂದ ಮಾಡುವ ಆರೈಕೆಯೇ ಎಷ್ಟೋ ಸಲ ಕೋಳಿಯ ಜೀವಕ್ಕೆ ಎರವಾಗುತ್ತದೆ. ಕೋಳಿಗೆ ನಮಗಿರುವಂತೆ ವಪೆ ಇಲ್ಲ. ಮೈಯೊಳಗೆ ಹರಡಿಕೊಂಡ ಗಾಳಿಚೀಲಗಳು ತಿದಿಯಂತೆ ಗಾಳಿ ಎಳೆದು ಬಿಡುತ್ತವೆ. ಆ ತಿದಿ ಆಡಬೇಕಾದರೆ ಎದೆಮೂಳೆ ಏರಿಳಿಯಬೇಕು. ಔಷಧ ಕುಡಿಸುವ ಭರದಲ್ಲಿ ಎದೆಯನ್ನು ಬಿಗಿಯಾಗಿ ಅಮುಕಿ ಹಿಡಿದರೆ, ಮೊದಲೇ ಏದುಸಿರು ಬಿಡುತ್ತಿರುವ ಕೋಳಿಯ ಉಸಿರು ಕಟ್ಟುತ್ತದೆ. ಕೊಕ್ಕು ಅಗಲಿಸಿ ನೀರು ಸುರಿಯುವುದೂ ಅಷ್ಟೇ ಅಪಾಯ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಅದರ ಮೇಲೆ ನಮ್ಮಲ್ಲಿರುವಂಥ ಮುಚ್ಚಳವಿಲ್ಲ. ಸುರಿದ ನೀರು ನೇರ ಒಳಗಿಳಿಯುತ್ತದೆ. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ನೀರು ತಾಗಿಸಿದರೆ ಕೋಳಿ ತಾನೇ ನುಂಗುತ್ತದೆ. ಕಟ್ಟಿಕೊಂಡ ಮೂಗಿನ ಹೊಳ್ಳೆಯನ್ನು ಉಗುರು ಬೆಚ್ಚನೆ ನೀರಿನ ಹತ್ತಿಯಿಂದ ಒರೆಸಿ, ಗಾಳಿ ನೇರ ಬಡಿಯದ ಬೆಚ್ಚನೆ ಮೂಲೆಯಲ್ಲಿ ಬೇರೆಯಾಗಿ ಇಟ್ಟು, ನೆನೆಸಿದ ಜೋಳದ ನುಚ್ಚು ಕೊಡಬಹುದು. ಬೆಚ್ಚಗಿರಲೆಂದು ಒಲೆಯ ಹೊಗೆಯ ಬಳಿ ಇಡಬಾರದು. ಬೂಷ್ಟು ಹಿಡಿದ ಹೊಟ್ಟನ್ನೂ ಹಾಸಬಾರದು, ಆ ಬೂಷ್ಟೇ ಕೋಳಿಯ ಶ್ವಾಸಕೋಶದಲ್ಲಿ ಬೇರೂರಿ ಇನ್ನೊಂದು ರೋಗವಾಗುತ್ತದೆ. ಗಟ್ಟಿಮುಟ್ಟಾದ ಕೋಳಿಗಳಿಗೆ ಮೊದಲು ಕಾಳು ಹಾಕಿ ರೋಗದ ಕೋಳಿಯ ಬಳಿ ಕೊನೆಗೆ ಹೋಗುವುದು, ಅಲ್ಲಿಂದ ಬಂದ ಮೇಲೆ ಕೈ ತೊಳೆಯುವುದು, ಇವಕ್ಕೆ ಕಾಸು ಖರ್ಚಿಲ್ಲ.

ಇಷ್ಟೆಲ್ಲ ಮಾಡಿದರೂ ಯಾವ ರೋಗ ಎಂಬುದು ತಿಳಿಯುವುದಿಲ್ಲ. ಗೊರಗೊರ ಸದ್ದು ಒಂದೇ, ಅದರ ಹಿಂದಿನ ಕಾರಣ ಹಲವು. ಮುಖ ಊದಿ, ಮೂಗಿನಿಂದ ನಾರುವ ಸಿಂಬಳ ಇಳಿದರೆ ಬ್ಯಾಕ್ಟೀರಿಯಾದಿಂದ ಬರುವ ಕೊರೈಜಾ ಇರಬಹುದು. ತಿಂಗಳುಗಟ್ಟಲೆ ಏರುತ್ತ ಇಳಿಯುತ್ತ ಕಾಡುವ ಕೆಮ್ಮಾದರೆ ಮೈಕೋಪ್ಲಾಸ್ಮಾ ಇರಬಹುದು. ಅದು ತಾಯಿಯಿಂದ ತತ್ತಿಯ ಮೂಲಕವೇ ಮರಿಗೆ ದಾಟಬಲ್ಲದು. ಹಸಿರು ಬಿಳುಪಿನ ಭೇದಿ, ತಿರುಚಿದ ಕತ್ತು, ಎರಡು ಮೂರು ದಿನದಲ್ಲಿ ಸಾಲು ಸಾಲು ಸಾವು ಕಂಡರೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಗುಮಾನಿ ಮೊದಲು ಬರಬೇಕು. ಕೊಕ್ಕರೆ ರೋಗ ವೈರಸ್ಸಿನದು. ಆ ವೈರಸ್ಸನ್ನು ಯಾವ ಆ್ಯಂಟಿಬಯೋಟಿಕ್ಕೂ ಕೊಲ್ಲುವುದಿಲ್ಲ. ಮೈಕೋಪ್ಲಾಸ್ಮಾಕ್ಕೆ ಜೀವಕೋಶದ ಗೋಡೆಯೇ ಇಲ್ಲದ್ದರಿಂದ ಆ ಗೋಡೆಯನ್ನು ಒಡೆದು ಕೆಲಸ ಮಾಡುವ ಅಮಾಕ್ಸಿಸಿಲಿನ್‌ನಂಥ ಗುಳಿಗೆ ಅದಕ್ಕೂ ನಾಟುವುದಿಲ್ಲ. ಮನೆಗಳಲ್ಲಿ ಉಳಿದಿರುವುದು ಹೆಚ್ಚಾಗಿ ಅದೇ ಗುಳಿಗೆ! ಕೊರೈಜಾಕ್ಕೆ ಸರಿಯಾದ ಔಷಧ ಫಲ ಕೊಡುವುದು ನಿಜ. ಆದರೆ ಯಾವುದು, ಎಷ್ಟು, ಎಷ್ಟು ದಿನ, ಆ ತತ್ತಿಗಳನ್ನು ಯಾವಾಗಿನಿಂದ ತಿನ್ನಬಹುದು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಮನುಷ್ಯರ ಕಟ್ಟಕಡೆಯ ಆ್ಯಂಟಿಬಯೋಟಿಕ್ ಅಸ್ತ್ರಗಳಲ್ಲೊಂದಾದ ಕೊಲಿಸ್ಟಿನ್ ಕೋಳಿಯ ಬಾಯಿಗೆ ಹೋಗಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧ ಹೇರಿತು. ಫಾರಂಗೆ ಒಪ್ಪುವ ಆ ತರ್ಕ ಹಿತ್ತಲಿಗೂ ಒಪ್ಪುತ್ತದೆ. ಬೆಳ್ಳುಳ್ಳಿ, ಅರಿಸಿನ ಕೊಟ್ಟು ಗುಣವಾಯಿತು ಎನ್ನುವವರೂ ಸುಳ್ಳು ಹೇಳುವುದಿಲ್ಲ. ತಾನೇ ಇಳಿಯುವ ಕಾಲಕ್ಕೆ ಕೆಮ್ಮು ಇಳಿದಿರುತ್ತದೆ, ಹೆಸರು ಬೆಳ್ಳುಳ್ಳಿಗೆ ಬಂದಿರುತ್ತದೆ. ಹಾಗೆ ಚೇತರಿಸಿಕೊಂಡ ಕೋಳಿ ರೋಗವನ್ನು ಒಳಗಿಟ್ಟುಕೊಂಡೇ ಓಡಾಡಬಹುದು ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಹಾಗಾದರೆ ಕೈಯಲ್ಲಿರುವ ಗಟ್ಟಿ ಉಪಾಯ ಲಸಿಕೆ, ಅದೂ ಎಲ್ಲಕ್ಕಿಂತ ಹೆಚ್ಚು ಕೋಳಿ ಕೊಲ್ಲುವ ಕೊಕ್ಕರೆ ರೋಗಕ್ಕೆ. ರೋಗಕ್ಕೆ ಭಾರತದಲ್ಲಿ ಹೆಸರು ಕೊಟ್ಟ ರಾಣಿಖೇತ್ ಇರುವ ಕುಮಾವೂನ್ ಬೆಟ್ಟಸೀಮೆಯ ಮುಕ್ತೇಶ್ವರದ ಪ್ರಯೋಗಾಲಯದಲ್ಲೇ 1940ರ ದಶಕದಲ್ಲಿ ಅದರ ಲಸಿಕೆಯ ತಳಿ ಸಿದ್ಧವಾಯಿತು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೊಂದು ಹನಿ, ಎರಡು ತಿಂಗಳಾದ ಮೇಲೆ ಆ ಮುಕ್ತೇಶ್ವರ ತಳಿಯ ಆರ್‌-2-ಬಿ ಚುಚ್ಚುಮದ್ದು, ವಿಧಾನದಲ್ಲಿ ಕಷ್ಟವೇನಿಲ್ಲ. ತೊಡಕು ಬಾಟಲಿಯಲ್ಲಿದೆ. ನೂರಕ್ಕಿಂತ ಕಡಿಮೆ ಡೋಸಿನ ಬಾಟಲಿ ಸಿಗುವುದು ಅಪರೂಪ, ಹಿತ್ತಲಿನಲ್ಲಿರುವುದು ಐದಾರು ಕೋಳಿ. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಒಬ್ಬಳೇ ಹೆಣ್ಣುಮಗಳು ತನ್ನ ಐದು ಕೋಳಿಗಾಗಿ ಬಾಟಲಿ ಒಡೆಸುವುದು ಆಗದ ಮಾತು. ಇಪ್ಪತ್ತು ಮನೆ ಕೂಡಿದರೆ ಅದೇ ಬಾಟಲಿ ಸರಿಹೋಗುತ್ತದೆ. ಕೋಳಿಗಳೂ ಮನೆ ಮನೆಯ ಗಡಿ ನೋಡಿ ಮೇಯುವುದಿಲ್ಲ. ತಿಪ್ಪೆ ಎಲ್ಲರದೂ ಒಂದೇ.

ಚೊಳಚಗುಡ್ಡಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಬನಶಂಕರಿಯ ಗುಡಿ ಇರುವ ಊರು ಅದು. ಪುಷ್ಯಮಾಸದಲ್ಲಿ ಬನದ ಹುಣ್ಣಿಮೆಯಿಂದ ವಾರಗಟ್ಟಲೆ ನಡೆಯುವ ಜಾತ್ರೆಗೆ ನಾಲ್ಕು ಜಿಲ್ಲೆಯ ಮಂದಿ, ಗಾಡಿ, ದನಕರು, ನಾಟಕ ಕಂಪನಿಗಳೆಲ್ಲ ಬಂದು ಸೇರುತ್ತವೆ. ಕೊಕ್ಕರೆ ರೋಗದ ವೈರಸ್ಸು ಕೋಳಿಯ ಜೊತೆ ಮಾತ್ರವಲ್ಲ, ಹಿಕ್ಕೆ ಮೆತ್ತಿದ ಚಪ್ಪಲಿ, ಬುಟ್ಟಿ, ಗಾಡಿಯ ಗಾಲಿಯ ಜೊತೆಗೂ ಪ್ರಯಾಣ ಮಾಡುತ್ತದೆ. ಜಾತ್ರೆಯ ದಿನ ವರ್ಷದ ಮೊದಲೇ ಪಂಚಾಂಗದಲ್ಲಿ ಗೊತ್ತಿರುತ್ತದೆ. ಲಸಿಕೆಯ ಬಲ ಮೈಗೂಡಲು ಎರಡು ವಾರವಾದರೂ ಬೇಕು. ಆದ್ದರಿಂದ ಹುಣ್ಣಿಮೆಗೆ ಮೂರು ವಾರ ಮೊದಲಿನ ಒಂದು ಸಂಜೆ, ಕೋಳಿ ಗೂಡು ಸೇರುವ ಹೊತ್ತಿಗೆ, ಲಸಿಕೆಯ ತಂಡ ಓಣಿಗೆ ಬರಲಿ. ಹಗಲಲ್ಲಿ ಬಂದರೆ ಅರ್ಧ ದಿನ ಕೋಳಿ ಹಿಡಿಯುವುದರಲ್ಲೇ ಹೋದೀತು.

ಕೆಲವು ನೂರು ರೂಪಾಯಿಯ ಕೋಳಿಗಾಗಿ ಸರ್ಕಾರಿ ತಂಡ ಯಾಕೆ ಎಂದು ಕೇಳುವವರಿದ್ದಾರೆ. 2019ರ ಜಾನುವಾರು ಗಣತಿಯಂತೆ ದೇಶದ 85 ಕೋಟಿ ಕೋಳಿ ಸಂಪತ್ತಿನಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ಶೇ 46ರಷ್ಟು ಹೆಚ್ಚು. ಮನೆಯ ಹೆಂಗಸರು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಬಹುಮಟ್ಟಿಗೆ ಇದೇ ತತ್ತಿ, ಕೋಳಿಯದು. ಕಾಲುಬಾಯಿ ಬೇನೆಗೆ ಮನೆ ಬಾಗಿಲಿಗೇ ಬಂದು ದನಗಳಿಗೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಿಂದ ನಡೆದಿದೆ. ಅದೇ ಸಿಬ್ಬಂದಿ, ಅದೇ ಐಸ್ ಪೆಟ್ಟಿಗೆ. ಸಿಬ್ಬಂದಿ ಸಾಲದಿದ್ದರೆ ಕಣ್ಣಿಗೆ ಹನಿ ಹಾಕುವುದನ್ನು ಹಳ್ಳಿಗಳಲ್ಲಿ ಜಾನುವಾರು ಆರೈಕೆಗೆ ತರಬೇತಿ ಪಡೆದ ಪಶು ಸಖಿಯರಿಗೆ ಕಲಿಸಬಹುದು. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ, ಬಿಸಿಲನ್ನು ಸ್ವಲ್ಪ ತಾಳಬಲ್ಲ ಐ-2 ಎಂಬ ಹನಿ ಲಸಿಕೆಯನ್ನು ಮೊಜಾಂಬಿಕ್, ತಾಂಜಾನಿಯಾಗಳ ಹಳ್ಳಿಗಳಲ್ಲಿ ತರಬೇತಿ ಪಡೆದ ಊರವರೇ ಕೋಳಿಗಿಷ್ಟು ಎಂದು ಚಿಲ್ಲರೆ ತೆಗೆದುಕೊಂಡು ಹಾಕಿದ್ದಾರೆ. ಲಸಿಕೆ ಹಾಕಿಸಿದ ಮೇಲೂ ಕೋಳಿ ಸತ್ತವು ಎಂಬ ದೂರನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಬಿಸಿಲಲ್ಲಿ ಇಟ್ಟ ಬಾಟಲಿ, ಆಗಲೇ ರೋಗ ಹೊಕ್ಕ ಗುಂಪಿಗೆ ಹಾಕಿದ ಚುಚ್ಚುಮದ್ದು, ಕೊಕ್ಕರೆಯಲ್ಲದ ಬೇರೆ ರೋಗ, ಈ ಮೂರರಲ್ಲಿ ಒಂದು ಅಲ್ಲಿ ಹೆಚ್ಚಾಗಿ ಇರುತ್ತದೆ. ಊರಿಗೆ ರೋಗ ಕಾಲಿಡುವ ಮೊದಲೇ ದಿನ ಗೊತ್ತುಮಾಡಿ ಎನ್ನುವುದು ಅದಕ್ಕಾಗಿಯೇ.

ಎಲ್ಲಕ್ಕಿಂತ ಗಂಭೀರ ಆಕ್ಷೇಪ ಭಯದ್ದು. ಕೋಳಿ ಸತ್ತ ಸುದ್ದಿ ಕೊಟ್ಟರೆ ಅಧಿಕಾರಿಗಳು ಬಂದು ಉಳಿದವನ್ನೂ ಕೊಲ್ಲುತ್ತಾರೆ ಎಂದು ಜನ ಬಾಯಿ ಬಿಡುವುದಿಲ್ಲ. ಭಯ ಬುಡವಿಲ್ಲದ್ದಲ್ಲ, ಹಕ್ಕಿಜ್ವರ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಕಾಣಿಸಿಕೊಂಡಾಗ ಸುತ್ತಲಿನ ಕೋಳಿಗಳನ್ನು ಕೊಲ್ಲಲಾಯಿತು. ಆದರೆ ಕೊಲ್ಲುವ ಆದೇಶ ಹೊರಡುವುದು ಪ್ರಯೋಗಾಲಯದಲ್ಲಿ ಹಕ್ಕಿಜ್ವರ ಖಚಿತವಾದ ಮೇಲೆ, ಅದೂ ರೋಗದ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗೆ. ಕೊಂದ ಕೋಳಿಗೆ ಪರಿಹಾರ ಕೊಡುವ ನಿಯಮವಿದೆ, ತಾನೇ ಸತ್ತದ್ದಕ್ಕೆ ಇಲ್ಲ. ಸುದ್ದಿ ಮುಚ್ಚಿಟ್ಟಷ್ಟು ದಿನ ಸಾಯುವ ಪ್ರತಿ ಕೋಳಿಯೂ ಪರಿಹಾರದ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಒಂದೇ ಸಲ ನಾಲ್ಕಾರು ಕೋಳಿ ಬಿದ್ದರೆ ಅವನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಹಳ್ಳಕ್ಕೆ ಎಸೆಯದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಬೇಕು ಎಂದು ಜನರಿಗೆ ಹೇಳುವ ಹಕ್ಕು ಇಲಾಖೆಗೆ ಇದೆ. ಪರಿಹಾರದ ದರವನ್ನೂ, ಅದು ಎಷ್ಟು ದಿನದಲ್ಲಿ ಕೈಸೇರುತ್ತದೆ ಎಂಬುದನ್ನೂ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿದ ಮೇಲೆ ಆ ಮಾತು ಹೇಳಿದರೆ ಜನ ಕೇಳುತ್ತಾರೆ.