ಸಮುದಾಯದ ವಕೀಲನಾಗಿ ಹೋದಾಗ

ಕಳೆದ ತಿಂಗಳು ಹೊನ್ನಾವರದಲ್ಲಿ ನಡೆದ ಒಂದು ಗುಂಪು ಚರ್ಚೆಗೆ ನನಗೆ ಆಹ್ವಾನ ಬಂದಿತ್ತು. ಭಟ್ಕಳ, ಹೊನ್ನಾವರ, ಕುಮಟಾಗಳಿಂದ ಒಟ್ಟು ಹತ್ತು ಮಂದಿ. ಅಲ್ಲಿ ವೇದಿಕೆ, ಭಾಷಣ, ಹಾರ ಯಾವುದೂ ಇರಲಿಲ್ಲ. ಸಂಶೋಧಕಿಯೊಬ್ಬರು ಪ್ರಶ್ನೆ ಕೇಳುತ್ತಾರೆ, ನಾವು ಪರಸ್ಪರ ಮಾತನಾಡಬೇಕು, ಮೇಜಿನ ಮೇಲಿನ ಯಂತ್ರ ಅದನ್ನು ಮುದ್ರಿಸಿಕೊಳ್ಳುತ್ತದೆ. ಸಮಾಜಶಾಸ್ತ್ರಜ್ಞರು ಇದನ್ನು ಫೋಕಸ್ ಗ್ರೂಪ್ ಎನ್ನುತ್ತಾರೆ. ವಿಷಯ, ಈ ಮೂರು ಪಟ್ಟಣಗಳ ಹಿಂದೂ-ಮುಸ್ಲಿಮರ ನಡುವಿನ ಅಪನಂಬಿಕೆ.

ಸುದ್ದಿ ತಿಳಿದೊಡನೆ ನಮ್ಮ ಹಿರಿಯರೊಬ್ಬರು ನನ್ನನ್ನು ಕರೆಸಿ ಎರಡು ಪುಟಗಳ ಟಿಪ್ಪಣಿ ಕೊಟ್ಟರು. ತಿಂಗಳುಗಟ್ಟಲೆ ಭಟ್ಕಳವನ್ನು ಬೇಯಿಸಿದ 1993ರ ಗಲಭೆ, ಅದರ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ, ನಮ್ಮೂರಿನ ಹೆಸರಿಗೆ ಮಾಧ್ಯಮಗಳು ಅಂಟಿಸಿದ ಭಯೋತ್ಪಾದನೆಯ ಹಣೆಪಟ್ಟಿ, ಎಲ್ಲವೂ ಅದರಲ್ಲಿದ್ದವು. ‘ಒಂದನ್ನೂ ಬಿಡಬೇಡ’ ಎಂದರು. ನಾನು ಬಿಡಲಿಲ್ಲ. ಮದ್ರಸಾದಲ್ಲಿ ಕಲಿತ ತರ್ಕವನ್ನೂ ಕಾಲೇಜಿನಲ್ಲಿ ಓದಿದ ಸಮಾಜಶಾಸ್ತ್ರವನ್ನೂ ಒಟ್ಟಿಗೆ ಹೂಡಿ ವಾದಿಸಿದೆ. ಕುಮಟಾದಿಂದ ಬಂದಿದ್ದ ಯುವಕನ ಬಳಿಯೂ ಅಂಥದೇ ಪಟ್ಟಿಯಿತ್ತು. ಅದರ ಮೊದಲ ಸಾಲಿನಲ್ಲಿ 1996ರಲ್ಲಿ ಕೊಲೆಯಾದ ಶಾಸಕ ಡಾ. ಚಿತ್ತರಂಜನ್. ಒಂದು ಗಂಟೆ ಕಳೆದರೂ ನಮ್ಮಿಬ್ಬರ ಪಟ್ಟಿಗಳು ಮಾತನಾಡುತ್ತಿದ್ದವೇ ಹೊರತು ನಾವಲ್ಲ.

ಈ ಪದ್ಧತಿಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಅಮೆರಿಕದ ರಾಬರ್ಟ್ ಮರ್ಟನ್ 1940ರ ದಶಕದಲ್ಲಿ ಯುದ್ಧಕಾಲದ ರೇಡಿಯೋ ಪ್ರಚಾರವು ಕೇಳುಗರ ಮೇಲೆ ಬೀರುವ ಪರಿಣಾಮವನ್ನು ಅರಿಯಲು ಹೊರಟಿದ್ದರು. 1948ರಲ್ಲಿ ಅವರೇ ಇನ್ನೊಂದು ವಿಚಾರವನ್ನು ಮಂಡಿಸಿದರು. ಭದ್ರವಾಗಿರುವ ಬ್ಯಾಂಕು ಮುಳುಗುತ್ತಿದೆಯೆಂದು ವದಂತಿ ಹಬ್ಬಿ ಎಲ್ಲರೂ ಹಣ ಹಿಂತೆಗೆಯಲು ಮುಗಿಬಿದ್ದರೆ ಆ ಬ್ಯಾಂಕು ನಿಜವಾಗಿಯೂ ಮುಳುಗುತ್ತದೆ. ಸುಳ್ಳು ತನ್ನ ಪುರಾವೆಯನ್ನು ತಾನೇ ಹುಟ್ಟಿಸಿಕೊಳ್ಳುವ ಬಗೆ ಇದು.

ನಮ್ಮ ಜಿಲ್ಲೆಗೆ ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯವಿಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಶೆಟ್ಟಿಕೆರೆಯಲ್ಲಿ ಮೀನುಗಾರ ಕುಟುಂಬದ ಯುವಕನೊಬ್ಬನ ಶವ ದೊರೆಯಿತು. ಚಿತ್ರಹಿಂಸೆ ಕೊಟ್ಟು ಕೊಂದರೆಂಬ ವದಂತಿ ಊರೂರು ಸುತ್ತಿತು. ಕುಮಟಾದಲ್ಲಿ ಪೊಲೀಸ್ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಕೊಲೆಯ ಆರೋಪದಲ್ಲಿ ಮುಸ್ಲಿಮರ ಬಂಧನವಾಯಿತು. ಮರುವರ್ಷ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆಯಿತ್ತು ಎಂಬುದನ್ನು ಮರೆಯಲಾಗದು. ಸುಮಾರು ಐದು ವರ್ಷಗಳ ಬಳಿಕ, 2022ರ ಅಕ್ಟೋಬರ್‌ನಲ್ಲಿ, ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ಬೆಂಕಿ ಹಚ್ಚಿಸಿದ ನಾಲಗೆಗಳಲ್ಲಿ ಎಷ್ಟು ಕ್ಷಮೆ ಕೇಳಿದವು?

ಈ ಪ್ರಶ್ನೆಯನ್ನು ನಾನು ಅಲ್ಲಿ ಗಟ್ಟಿಯಾಗಿಯೇ ಕೇಳಿದೆ. ಆಗ ಮೀನುಗಾರ ಸಮುದಾಯದ ನಡುವಯಸ್ಸಿನ ವ್ಯಕ್ತಿಯೊಬ್ಬರು ಮೆಲ್ಲನೆ ಹೇಳಿದರು: ‘ಕೊಲೆ ಸುಳ್ಳಿರಬಹುದು. ಹುಡುಗ ಸತ್ತದ್ದು ಸುಳ್ಳಲ್ಲವಲ್ಲ. ವರದಿ ಬಂದ ದಿನ ನಿಮ್ಮವರು ಏನು ಮಾಡಿದಿರಿ?’

ನನ್ನ ಎರಡು ಪುಟಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ದಿನ ನಾನು ವರದಿಯ ಸುದ್ದಿಯನ್ನು ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸಿದ್ದೆ. ನಾವು ನಿರಪರಾಧಿಗಳೆಂಬ ನಿರಾಳತೆ ಸಹಜವಾದುದೇ. ಆದರೆ ಮಗನನ್ನು ಕಳೆದುಕೊಂಡ ಮನೆಯೊಂದು ಅಲ್ಲಿದೆ ಎಂಬುದು ಅಂದು ನನ್ನ ಮನಸ್ಸಿಗೆ ಬರಲೇ ಇಲ್ಲ.

ಚಹಾದ ವೇಳೆಗೆ ಯಂತ್ರವನ್ನು ನಿಲ್ಲಿಸಲಾಯಿತು. ನಿಜವಾದ ಚರ್ಚೆ ಆರಂಭವಾದದ್ದು ಆಗಲೇ. ಭಟ್ಕಳದ ಬಳಿ ಮಲ್ಲಿಗೆ ಬೆಳೆಯುವ ಮಹಿಳೆ ನನ್ನ ಪಕ್ಕ ಕುಳಿತು, ‘ಸಾಯ್ಬ್ರೆ, ಇಪ್ಪತ್ತು ವರ್ಷ ನಿಮ್ಮ ಓಣಿಗೆ ಹೂ ಕೊಟ್ಟೆ. ಮದುಮಗಳ ತಲೆಗೆ ನನ್ನ ಮಲ್ಲಿಗೆಯೇ ಬೇಕು. ಒಬ್ಬ ಮದುಮಗಳ ಮುಖವನ್ನೂ ನಾ ಕಂಡದ್ದಿಲ್ಲ. ನಾನು ಬಂದ ಕೂಡಲೇ ನಿಮ್ಮ ಭಾಷೆಯಲ್ಲಿ ಮಾತಾಡ್ತಾರೆ, ನನ್ನ ಬಗ್ಗೆಯೇ ಏನೋ ಅನಿಸ್ತದೆ’ ಎಂದರು. ದೂರಿನ ಧ್ವನಿ ಅದಲ್ಲ. (ನವಾಯತಿಯು ಕೊಂಕಣಿಗೆ ಹತ್ತಿರದ ನುಡಿ. ಆ ಮೀನುಗಾರರು ಮನೆಯಲ್ಲಿ ಆಡುವುದೂ ಕೊಂಕಣಿಯನ್ನೇ. ಆದರೂ ನಾವಿಬ್ಬರೂ ಗ್ರಂಥಸ್ಥ ಕನ್ನಡದಲ್ಲಿ ಸೆಣಸಿದ್ದೆವು.)

ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯವು ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂದು ಆದೇಶಿಸುತ್ತದೆ. ಪ್ರತಿ ಗಲಭೆಯ ನಂತರ ನಾವು ಇದನ್ನು ಇತರರಿಗೆ ನೆನಪಿಸುತ್ತೇವೆ. ಅನ್ನಿಸಾ ಅಧ್ಯಾಯವು ಸ್ವತಃ ನಮಗೂ ನಮ್ಮ ಬಂಧುಗಳಿಗೂ ಪ್ರತಿಕೂಲವಾದರೂ ಸತ್ಯದ ಸಾಕ್ಷಿಗಳಾಗಬೇಕೆನ್ನುತ್ತದೆ. ಇದನ್ನು ನಮ್ಮ ಜುಮಾ ಖುತ್ಬಾಗಳಲ್ಲಿ ನಾನು ಕೇಳಿದ್ದು ಅಪರೂಪ. ಎಲ್ಲ ತಪ್ಪೂ ನಮ್ಮದೆಂದು ಇದರ ಅರ್ಥವಲ್ಲ. ದ್ವೇಷವನ್ನು ಬಂಡವಾಳವಾಗಿಸಿಕೊಂಡ ರಾಜಕಾರಣಿಗಳು ಇಂಥ ಕೂಟಗಳಿಗೆ ಬರುವುದೇ ಇಲ್ಲ. ಸಂಘಟಕರ ಕ್ರಮದಲ್ಲಿಯೂ ದೋಷವಿತ್ತು. ಹತ್ತು ಮಂದಿಯಲ್ಲಿ ಮುಸ್ಲಿಮ್ ಮಹಿಳೆ ಒಬ್ಬಳೂ ಇರಲಿಲ್ಲ. ಅವಳ ಪರವಾಗಿಯೂ ನಾನೇ ಉತ್ತರಿಸಿದೆ. ಆ ಉತ್ತರಗಳಿಗೆ ಯಾವ ಆಧಾರವಿತ್ತೋ ಅಲ್ಲಾಹನೇ ಬಲ್ಲ.

ಮುಂದಿನ ಸುತ್ತು ಕುಮಟಾದಲ್ಲಿ. ನನ್ನ ಬದಲು ಇಬ್ಬರು ಕಾಲೇಜು ವಿದ್ಯಾರ್ಥಿನಿಯರನ್ನೂ ಒಬ್ಬ ರಿಕ್ಷಾ ಚಾಲಕನನ್ನೂ ಕಳುಹಿಸೋಣ, ಕೈಗೆ ಯಾವ ಟಿಪ್ಪಣಿಯನ್ನೂ ಕೊಡುವುದು ಬೇಡ ಎಂದು ನಮ್ಮ ಜಮಾಅತಿನ ಹಿರಿಯರಿಗೆ ಬರೆದಿದ್ದೇನೆ. ‘ಅವರು ಏನಾದರೂ ಹೇಳಿಬಿಟ್ಟರೆ?’ ಎಂದು ಮರುಪ್ರಶ್ನೆ ಬಂದಿದೆ. ಹೇಳಲೆಂದೇ ಕಳುಹಿಸುವುದು ಎಂದು ಉತ್ತರಿಸಿ ಕಾಯುತ್ತಿದ್ದೇನೆ.