ಗೋಡೆಯನ್ನು ತಟ್ಟುವ ಗಾಳಿ

ಇಳಿಜಾರಿನಲ್ಲಿ ಸೈಕಲ್ಲನ್ನು ವೇಗವಾಗಿ ಬಿಟ್ಟಾಗ ಗಾಳಿಯು ಕಿವಿಯಲ್ಲಿ ಭೋರೆಂದು ಮೊರೆಯುವುದನ್ನು ನಾವೆಲ್ಲರೂ ಕೇಳಿದ್ದೇವೆ. ರಸ್ತೆಯ ಅಂಚಿನಲ್ಲಿ ನಿಂತವನಿಗಾದರೋ ಆ ಮೊರೆತ ಕೇಳಿಸುವುದೇ ಇಲ್ಲ. ಅವನ ಕಿವಿಗೆ ಬೀಳುವುದು ಚಕ್ರದ ಟಕಟಕ ಸದ್ದು ಮಾತ್ರ. ಸವಾರನಿಗೆ ಬೇರೇನೂ ಕೇಳಿಸದಂತೆ ಮಾಡಿದ ಶಬ್ದವು ನಾಲ್ಕು ಮಾರು ದೂರಕ್ಕೆ ಏಕೆ ಬರಲಿಲ್ಲ? ತಂತಿ, ಕೊಳವೆ, ಶ್ರುತಿಕವೆಗಳಲ್ಲಿಯೇ ಮುಗಿದುಹೋಗುವ ನಮ್ಮ ಪಠ್ಯಪುಸ್ತಕಗಳ ಶಬ್ದದ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿಲ್ಲ. ಇದೊಂದು ದೊಡ್ಡ ಕೊರತೆಯೆಂಬುದು ನಮ್ಮ ಅಭಿಪ್ರಾಯ.

ಗಾಳಿಯು ಯಾವುದೊಂದು ಮೈಯನ್ನು ಸವರಿ ಹರಿಯುವಾಗ, ಆ ಮೈಗೆ ಅಂಟಿದ ತೆಳುವಾದ ಸ್ತರದಲ್ಲಿ ಅದರ ವೇಗ ಕುಂದುತ್ತದೆ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ವಿವರಿಸಿದ ಸೀಮಾಸ್ತರವೆಂದರೆ ಇದೇ. ವೇಗ ಹೆಚ್ಚಿದಂತೆ ಈ ಸ್ತರವು ಕ್ಷುಬ್ಧವಾಗಿ ಸುಳಿಗಳ ಸಂತೆಯಾಗುತ್ತದೆ. ಪ್ರತಿಯೊಂದು ಸುಳಿಯೂ ಹಾದುಹೋಗುತ್ತ ಗೋಡೆಯನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಸೆಳೆಯುತ್ತದೆ. ಒತ್ತಡದ ಈ ಏರಿಳಿತವು ಸುಳಿಗಳ ಜೊತೆಯಲ್ಲಿಯೇ ಸಾಗುವಂಥದು. ಅದರಲ್ಲಿ ಶಬ್ದದ ಅಲೆಯಾಗಿ ದೂರಕ್ಕೆ ಹರಡುವ ಪಾಲು ಅತ್ಯಲ್ಪ. ಕಿವಿಯ ಆಲೆಯ ಬಳಿ ಏಳುವ ಸುಳಿಗಳೂ ಇದೇ ಜಾತಿಯವು. ಸವಾರನ ಕಿವಿ ಅಲ್ಲಿಯೇ ಇದ್ದುದರಿಂದ ಅವನಿಗೆ ಕೇಳಿಸಿತು, ಅಷ್ಟೆ.

ಈಗ ಸೈಕಲ್ಲನ್ನು ಬಿಟ್ಟು ವಿಮಾನವನ್ನು ಹತ್ತೋಣ. 11 ಕಿಲೋಮೀಟರು ಎತ್ತರದಲ್ಲಿ ಗಂಟೆಗೆ 850 ಕಿಲೋಮೀಟರು ವೇಗದಲ್ಲಿ ಹಾರುವ ವಿಮಾನಕ್ಕೆ ಇದಿರಾಗುವ ಗಾಳಿಯ ಚಲನೆಯ ಒತ್ತಡ ಸುಮಾರು 10,000 ಪಾಸ್ಕಲ್. ಹೊರಮೈಯ ಮೇಲಿನ ಏರಿಳಿತವು ಅದರ ಇನ್ನೂರರಲ್ಲಿ ಒಂದು ಪಾಲೆಂದು ಹಿಡಿದರೂ 50 ಪಾಸ್ಕಲ್ ಆಯಿತು. ಅಲ್ಪವೆನಿಸಬಹುದು, ಆದರೆ ನಮ್ಮ ಕಿವಿಗೆ ಎಟುಕುವ ಅತಿ ಮೆಲ್ಲನೆಯ ಶಬ್ದದ ಒತ್ತಡ 0.00002 ಪಾಸ್ಕಲ್. ಇದು ಅದರ 25 ಲಕ್ಷ ಪಟ್ಟು! ಇಷ್ಟು ಬಲವಾದ ಬಡಿತವನ್ನು ತಡೆದು ನಿಂತಿರುವುದು ಒಂದೆರಡು ಮಿಲಿಮೀಟರು ದಪ್ಪದ ಹೊದಿಕೆಯ ತಗಡು.

ತಗಡು ಎಲ್ಲ ಬಡಿತಕ್ಕೂ ಸಮನಾಗಿ ಓಗೊಡುವುದಿಲ್ಲ. ಒತ್ತಡದ ಏರುತಗ್ಗುಗಳು ಗಾಳಿಯ ವೇಗದ ಸುಮಾರು 60ರಿಂದ 80 ಶೇಕಡ ವೇಗದಲ್ಲಿ ಅದರ ಮೇಲೆ ಹಿಂದಕ್ಕೆ ಸರಿಯುತ್ತಿರುತ್ತವೆ. ಇತ್ತ ತಗಡಿನಲ್ಲಿಯೂ ಬಾಗುವಿಕೆಯ ಅಲೆಗಳು ಹರಿಯಬಲ್ಲವು. ಕಂಪನಸಂಖ್ಯೆ ಏರಿದಂತೆ ಅವುಗಳ ವೇಗವೂ ಏರುತ್ತದೆ. ಈ ಎರಡು ವೇಗಗಳೂ ಹೊಂದಿಕೊಂಡ ಕಡೆ, ಉಯ್ಯಾಲೆಯನ್ನು ಹದವರಿತು ತಳ್ಳಿದಂತಾಗಿ ತಗಡು ಜೋರಾಗಿ ಕಂಪಿಸುತ್ತದೆ. ಹೀಗೆ ಹೊರಗಿನ ಸುಳಿಗಳ ಒತ್ತಡವು ಒಳಗೆ ನಿಜವಾದ ಶಬ್ದವಾಗಿ ಹುಟ್ಟುತ್ತದೆ. ಎಂಜಿನ್ನಿಗಿಂತ ಬಹಳ ಮುಂದೆ ಕುಳಿತ ಪ್ರಯಾಣಿಕನ ಕಿವಿಯಲ್ಲಿ ಎಡೆಬಿಡದೆ ಸುಯ್ಗುಟ್ಟುವುದು ಬಹುಮಟ್ಟಿಗೆ ಇದೇ. ಪಾಪ, ಅವನು ಎಂಜಿನ್ನನ್ನು ಬಯ್ಯುತ್ತಾನೆ!

ಇಂಥ ಗಣಿತವು ಎಳೆಯರಿಗೆ ಕಠಿಣವೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ನಿಜ, ಎಂಜಿನಿಯರುಗಳೂ ಇಲ್ಲಿ ಬಹುವಾಗಿ ಅಳತೆಗಳಿಂದ ಕಟ್ಟಿದ ಸೂತ್ರಗಳನ್ನೇ ನಂಬಬೇಕಾಗಿದೆ. ಅಳತೆಯೂ ಸುಲಭವಲ್ಲ: ಮೈಕ್ರೊಫೋನಿನ ಮುಖಕ್ಕಿಂತ ಕಿರಿದಾದ ಸುಳಿಗಳ ಒತ್ತಡವು ಅದರ ಮೇಲೆ ಸರಾಸರಿಯಾಗಿ ಅಳಿಸಿಹೋಗುವುದೆಂದು ಕಾರ್ಕೋಸ್ 1963ರಲ್ಲಿಯೇ ಲೆಕ್ಕ ಹಾಕಿ ತೋರಿಸಿದನು. ಆದರೆ ಲೆಕ್ಕ ಮಾಡಲಾರದುದನ್ನು ಹೇಳಲೂ ಬಾರದೆ? ಪರೀಕ್ಷೆಯ ಪ್ರಶ್ನೆಯಾಗದುದು ಭೌತವಿಜ್ಞಾನವೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದಕ್ಕೆ ಉಪನ್ಯಾಸಕರಾದ ನಾವೂ ಹೊಣೆಗಾರರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ ಅವರು ಸೀಮಾಸ್ತರವು ಕ್ಷುಬ್ಧವಾಗುವ ಪರಿಯನ್ನು ಶೋಧಿಸಿ 1958ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅದೇ ಊರಿನ ಭೌತವಿಜ್ಞಾನದ ವಿದ್ಯಾರ್ಥಿಯೊಬ್ಬನು ಸೀಮಾಸ್ತರವೆಂಬ ಪದವನ್ನೂ ಕೇಳದೆ ಪದವೀಧರನಾಗಬಹುದಾದುದು ವಿಷಾದದ ಸಂಗತಿ.

ಪಾಠಕ್ಕೆ ಹಣವೇನೂ ಬೇಕಾಗಿಲ್ಲ. ಮೇಜಿನ ಫ್ಯಾನಿನ ಮುಂದೆ ದೂರವಾಣಿಯೊಂದನ್ನಿಟ್ಟು ಸದ್ದನ್ನು ಮುದ್ರಿಸಿಕೊಳ್ಳಿರಿ. ಬಳಿಕ ಅದರ ಮೈಕ್ರೊಫೋನಿಗೆ ಸ್ಪಂಜಿನ ತುಂಡನ್ನು ಸಡಿಲವಾಗಿ ಹೊದಿಸಿ ಮತ್ತೊಮ್ಮೆ ಮುದ್ರಿಸಿರಿ. ಸುಳಿಗಳು ಸ್ಪಂಜಿನ ಹೊರಗೇ ಉಳಿಯುವುದರಿಂದ ಮೊದಲಿನ ಗುಡುಗು ಬಹಳ ತಗ್ಗಿರುತ್ತದೆ; ಆಗ ಉಳಿದು ಕೇಳಿಸುವುದು ಫ್ಯಾನಿನ ನಿಜವಾದ ಶಬ್ದ.